ಗರ್ಭನಂಜು: ಮೂರನೆಯ ತಿಂಗಳಲ್ಲಿಯೇ ಕೇಳಬೇಕಾದ ಪ್ರಶ್ನೆಗಳು

ಗರ್ಭಧಾರಣೆಯ ಇಪ್ಪತ್ತನೆಯ ವಾರದ ನಂತರ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅಥವಾ ಯಕೃತ್ತು, ಮೂತ್ರಪಿಂಡಗಳ ಕಾರ್ಯ ಕೆಟ್ಟರೆ ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಗರ್ಭನಂಜು ಎಂಬ ಹೆಸರುಂಟು. ಉಲ್ಬಣಿಸಿದರೆ ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ.

ಈ ರೋಗವು ಹೊರಗೆ ಕಾಣುವುದು ಸಾಮಾನ್ಯವಾಗಿ ಏಳು, ಎಂಟನೆಯ ತಿಂಗಳಲ್ಲಿ. ಆದರೆ ಅದರ ಬೀಜ ಬಹುಮಟ್ಟಿಗೆ ಮೊದಲ ನಾಲ್ಕು ತಿಂಗಳಲ್ಲಿಯೇ ಬಿದ್ದಿರುತ್ತದೆ. ಮಾಸು ಗರ್ಭಾಶಯಕ್ಕೆ ಅಂಟಿಕೊಳ್ಳುವಾಗ ಅಲ್ಲಿಯ ಸಣ್ಣ ರಕ್ತನಾಳಗಳು ಅಗಲವಾಗಬೇಕು. ಅವು ಕಿರಿದಾಗಿಯೇ ಉಳಿದರೆ ಮಾಸಿಗೆ ರಕ್ತ ಸಾಲದೆ, ಅದು ಹೊರಬಿಡುವ ದ್ರವ್ಯಗಳು ತಾಯಿಯ ರಕ್ತನಾಳಗಳನ್ನು ಕೆಡಿಸುತ್ತವೆ. ಆದ್ದರಿಂದ ಕಾಲು ಬಾತ ಮೇಲೆ ನೋಡಿದರಾಯಿತು ಎಂಬ ಮಾತು ಸಲ್ಲದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅನೇಕ ಮನೆಗಳಲ್ಲಿ ದೃಷ್ಟಿ ತಾಕೀತೆಂದು ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೇಳುವುದಿಲ್ಲ. ಬೀಡಿ ಕಟ್ಟುವ, ಕಬ್ಬಿನ ಹೊಲದಲ್ಲಿ ದುಡಿಯುವ ತಾಯಂದಿರಿಗೆ ಬಿಡುವೂ ಸಿಗದು. ಊರಿಗೆ ಹೇಳುವುದು ತಡವಾದರೂ ಚಿಂತೆಯಿಲ್ಲ. ಆಶಾ ಕಾರ್ಯಕರ್ತೆಗೆ ತಿಳಿಸಿ ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಲೇಬೇಕು. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯು ನಾಲ್ಕನೆಯ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗಾಗಿ ಇರುವುದರಿಂದ ಅದಕ್ಕಾಗಿ ಕಾಯುತ್ತ ಕೂಡಬಾರದು.

ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳಿವು. ಹಿಂದಿನ ಬಸಿರಿನಲ್ಲಿ ಬಿ.ಪಿ. ಏರಿತ್ತೆ? ಮೊದಲಿನಿಂದಲೂ ಬಿ.ಪಿ., ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ ಅಥವಾ ಲೂಪಸ್‌ನಂಥ ವ್ಯಾಧಿ ಇದೆಯೆ? ಅವಳಿ ಗರ್ಭವೆ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ತಜ್ಞರನ್ನು ಕಾಣಬೇಕು. ಚೊಚ್ಚಲ ಬಸಿರು, 35 ದಾಟಿದ ವಯಸ್ಸು, ಅತಿಯಾದ ತೂಕ, ತಾಯಿಗೆ ಅಥವಾ ಅಕ್ಕತಂಗಿಯರಿಗೆ ಈ ರೋಗ ಬಂದಿರುವುದು, ಹಿಂದಿನ ಹೆರಿಗೆಯಾಗಿ ಹತ್ತು ವರ್ಷ ಕಳೆದಿರುವುದು, ಇವುಗಳಲ್ಲಿ ಎರಡು ಕೂಡಿದರೂ ಹಾಗೆಯೇ. ದೊಡ್ಡ ಆಸ್ಪತ್ರೆಗಳಲ್ಲಿ 11ರಿಂದ 14ನೆಯ ವಾರದೊಳಗೆ ಸ್ಕ್ಯಾನಿಂಗ್ ಮೂಲಕ ಗರ್ಭಾಶಯದ ರಕ್ತಪ್ರವಾಹವನ್ನು ಅಳೆದು, ರಕ್ತಪರೀಕ್ಷೆಯನ್ನೂ ಸೇರಿಸಿ ಅಪಾಯವನ್ನು ಇನ್ನಷ್ಟು ನಿಖರವಾಗಿ ಲೆಕ್ಕಹಾಕುತ್ತಾರೆ.

ಮೊದಲೇ ತಿಳಿದರೆ ಪ್ರಯೋಜನವೇನು? ಬ್ರಿಟನ್, ಸ್ಪೇನ್ ಮೊದಲಾದ ದೇಶಗಳಲ್ಲಿ ಹೀಗೆ ಲೆಕ್ಕಹಾಕಿ ಆರಿಸಿದ ಗರ್ಭಿಣಿಯರಿಗೆ 36ನೆಯ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾದಂಥ ಗರ್ಭನಂಜು 100ಕ್ಕೆ 4.3ರಿಂದ 1.6ಕ್ಕೆ ಇಳಿದಿತ್ತು. ನಮ್ಮ ಬೆಳಗಾವಿಯೂ ಪಾಲ್ಗೊಂಡ, ಆರು ದೇಶಗಳ ಸುಮಾರು 12,000 ಚೊಚ್ಚಲ ಗರ್ಭಿಣಿಯರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಲ್ಲಿ ಆರಿಸದೆ ಎಲ್ಲರಲ್ಲೂ 81 ಮಿಲಿಗ್ರಾಂ ಪರೀಕ್ಷಿಸಿದರು. ಅವಧಿಪೂರ್ವ ಹೆರಿಗೆ 13.1ರಿಂದ 11.6ಕ್ಕೆ ಇಳಿಯಿತು, ಬಿ.ಪಿ. ತೊಂದರೆಯ ಒಟ್ಟು ಪ್ರಮಾಣ ಮಾತ್ರ ತಗ್ಗಲಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕೆನ್ನುವುದು ಇದಕ್ಕಾಗಿಯೇ. ಜಠರದ ಹುಣ್ಣು, ಆಸ್ಪಿರಿನ್ ಅಲರ್ಜಿ ಇರುವವರಿಗೆ ಇದು ಸಲ್ಲದು; ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು.

ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಗರ್ಭಿಣಿಗೆ ಮೊದಲ ತಿಂಗಳಿನಿಂದಲೇ ಹಾಲು ಪ್ರಧಾನವಾದ ಪಥ್ಯವನ್ನು ತಿಂಗಳುವಾರು ವಿಧಿಸುತ್ತದೆ. ಆರೈಕೆ ಆರಂಭದಿಂದಲೇ ಇರಬೇಕೆಂಬ ಆ ವಿವೇಕ ಇಂದಿಗೂ ಸಲ್ಲುತ್ತದೆ. ಹಾಲು, ರಾಗಿ, ಎಳ್ಳು, ಸೊಪ್ಪಿನೊಡನೆ ಸರಕಾರ ಕೊಡುವ ಕ್ಯಾಲ್ಸಿಯಂ ಗುಳಿಗೆಯನ್ನೂ ತಪ್ಪದೆ ಸೇವಿಸಬೇಕು. ಆದರೆ ಏರಿದ ಬಿ.ಪಿ.ಯನ್ನು ಕಷಾಯದಿಂದ ಇಳಿಸುತ್ತೇನೆಂದು ಕಾಲ ಕಳೆಯುವುದು ಆಯುರ್ವೇದವಲ್ಲ. ಅಂಥವರು ಆಸ್ಪತ್ರೆಯಲ್ಲಿಯೇ ಇರತಕ್ಕದ್ದು.

ಕುಬಸದ ನಂತರ ಮಗಳು ತವರಿಗೆ ಹೋಗುತ್ತಾಳೆ. ಆ ತವರು ಮಿರಜ, ಕಾಗಲ, ಇಚಲಕರಂಜಿಯ ಕಡೆಗೂ ಇರಬಹುದು. ಆಗ ಸೀರೆ, ಬಳೆಗಳೊಂದಿಗೆ ತಾಯಿ ಕಾರ್ಡನ್ನೂ ಕಳಿಸಬೇಕು. ಮೂರನೆಯ ತಿಂಗಳಲ್ಲಿ ಬಿ.ಪಿ. ಎಷ್ಟಿತ್ತೆಂಬುದು ಅಲ್ಲಿಯ ವೈದ್ಯರಿಗೆ ಅದರಿಂದಲೇ ತಿಳಿಯುವುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ಬಲಗಡೆ ನೋವು, ಮುಖ ಕೈಗಳ ಬಾವು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅತ್ತೆಯಂದಿರೂ ತಾಯಂದಿರೂ ಇದನ್ನು ತಮ್ಮ ಹೊಣೆಯೆಂದು ತಿಳಿಯಲಿ.