ಬಿಳಿ ಎರಡರ ಸಿಂಫನಿ: ಒಬ್ಬ ಸಮೂಹಗಾನ ಮೇಷ್ಟ್ರ ಆರು ಪಾಠಗಳು

ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿ ಕಡೆಯ ಕನ್ನಡಿಗರಿಗೆ ರಾಜ್ಯೋತ್ಸವದ ಸಮೂಹಗಾನ ಕಲಿಸುವುದು ನನ್ನ ಕೆಲಸ. ಕಿವಿ ಪಳಗಿಸಲು ಹಿಡಿದಿರುವ ಪಠ್ಯ ಮಾತ್ರ ಬೀಥೋವನ್‌ನ ಒಂಬತ್ತನೇ ಸಿಂಫನಿ. 1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲ ಸಲ ಕೇಳಿಸಿದ ಈ ಕೃತಿಯ ಕೊನೆಯ ಭಾಗದಲ್ಲಿ ವಾದ್ಯವೃಂದದ ಜೊತೆ ನಾಲ್ವರು ಗಾಯಕರೂ ದೊಡ್ಡ ಮೇಳವೂ ಹಾಡುತ್ತವೆ. ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ, ಒಂದರಂತೆ ಇನ್ನೊಂದಿಲ್ಲ. ಅವುಗಳ ಲಯ, ಶ್ರುತಿ, ಭಾವಗಳನ್ನು ಹೋಲಿಸುತ್ತ ಕಲಿತದ್ದು ಇಷ್ಟು.

1. ಮೊದಲು ಯಂತ್ರವನ್ನು ಅನುಮಾನಿಸಿ

'ಮೇಡ್ ಇನ್ ಯುಎಸ್‌ಎ' ಅಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೇ ತಮಾಷೆ ಇರುವ ಊರು ನಮ್ಮದು. ಮುದ್ರಿಕೆಯ ವಿಷಯದಲ್ಲೂ ನಕಲಿನ ಗುಣ ಗೊತ್ತಿರಬೇಕು. ಈ ಸಿಂಫನಿಯ ಶ್ರುತಿ ಡಿ ಮೈನರ್, ಯಕ್ಷಗಾನದ ಭಾಗವತರ ಲೆಕ್ಕದಲ್ಲಿ ಬಿಳಿ ಎರಡು. ಕ್ಯಾಸೆಟ್ಟಿನ ಮೋಟಾರು ಶೇಕಡಾ 6ರಷ್ಟು ನಿಧಾನವಾದರೆ ಅದು ಕಪ್ಪು ಒಂದಕ್ಕೆ ಇಳಿಯುತ್ತದೆ, 74 ನಿಮಿಷದ ಮುದ್ರಿಕೆ 78 ದಾಟುತ್ತದೆ. 'ಆಹಾ, ಎಂಥ ಗಾಂಭೀರ್ಯ' ಅನ್ನುವ ಮೊದಲು ಫೋನಿನ ಟ್ಯೂನರ್ ಹಚ್ಚಿ. ಹಳೆಯ ಕಾಲದ ವಾದ್ಯ ಬಳಸುವ ತಂಡಗಳು 440ರ ಬದಲು 430ರ ಆಸುಪಾಸಿಗೆ ಶ್ರುತಿ ಮಾಡುವುದುಂಟು. ಅದು ಅರ್ಧ ಸ್ವರಸ್ಥಾನಕ್ಕಿಂತಲೂ ಕಡಿಮೆ ಇಳಿತ. ಇಡೀ ಸ್ವರಸ್ಥಾನವೇ ಇಳಿದಿದ್ದರೆ ಯಂತ್ರದ ಕಡೆ ನೋಡಿ.

2. ಒಟ್ಟು ನಿಮಿಷ ನೋಡಿ ತೀರ್ಪು ಕೊಡಬೇಡಿ

ಬೀಥೋವನ್ ಈ ಕೃತಿಗೆ ಮೆಟ್ರೊನೋಮ್ ಅಂಕಿಗಳನ್ನು ಕೊಟ್ಟದ್ದು 1826ರಲ್ಲಿ. ಮೂರನೇ ಭಾಗಕ್ಕೆ ನಿಮಿಷಕ್ಕೆ 60 ಪೆಟ್ಟು. 1987ರ ಮುದ್ರಿಕೆಯಲ್ಲಿ ವಾದ್ಯವೃಂದ ನಿರ್ದೇಶಕ ರೋಜರ್ ನಾರಿಂಗ್ಟನ್ ಅದನ್ನು ಹೆಚ್ಚುಕಡಿಮೆ ಪಾಲಿಸಿ ಸುಮಾರು 11 ನಿಮಿಷದಲ್ಲಿ ಮುಗಿಸುತ್ತಾರೆ. 1951ರಲ್ಲಿ ಬೈರಾಯ್ಟ್‌ನಲ್ಲಿ ಇನ್ನೊಬ್ಬ ನಿರ್ದೇಶಕ ಫುರ್ಟ್‌ವೆಂಗ್ಲರ್ ಅದೇ ಭಾಗಕ್ಕೆ 19 ನಿಮಿಷ ದಾಟಿಸುತ್ತಾರೆ. ಮೊದಲನೆಯದರಲ್ಲಿ ಅದು ಹಾಡು, ಎರಡನೆಯದರಲ್ಲಿ ಧ್ಯಾನ. ಎರಡೂ ನಿಲ್ಲುತ್ತವೆ, ಏಕೆಂದರೆ ಇಬ್ಬರೂ ಸಾಲಿನ ಉಸಿರು ಕಡಿಯುವುದಿಲ್ಲ. ನಮ್ಮವರಿಗೆ ಹೇಳುವುದೂ ಇದನ್ನೇ: ಒಂದು ಸಾಲು ಒಂದೇ ಉಸಿರಿನಲ್ಲಿ ಬರುವ ತನಕ ವಿಳಂಬಕ್ಕೆ ಕೈಹಾಕಬೇಡಿ.

3. ತಂಬೂರಿ ಹಚ್ಚಿಟ್ಟು ಕೇಳಿ

ನಮ್ಮ ಸಂಗೀತದಲ್ಲಿ ಷಡ್ಜ ಕದಲುವುದಿಲ್ಲ, ಸಿಂಫನಿಯಲ್ಲಿ ಕದಲುವುದೇ ಕಥೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ಬಿಳಿ ಎರಡಕ್ಕೆ ಇಟ್ಟು ಕೊನೆಯ ಭಾಗ ಹಾಕಿ. ಮೈನರ್‌ನಿಂದ ಮೇಜರ್‌ಗೆ ಹೊರಳುವಾಗ ತಂಬೂರಿ ತಕರಾರು ಮಾಡುವುದಿಲ್ಲ. ನಟಭೈರವಿ ಹೋಗಿ ಶಂಕರಾಭರಣ ಬಂದಿರುತ್ತದೆ, ಷಡ್ಜ ಅದೇ. ಮನೆ ಬದಲಾಗಿಲ್ಲ, ಕಿಟಕಿ ತೆರೆದಿದೆ. ಟೆನರ್ ಗಾಯಕನ ನಡಿಗೆ ಹಾಡಿನ ಹೊತ್ತಿಗೆ ಶ್ರುತಿ ಕಪ್ಪು ಐದಕ್ಕೆ ಜಿಗಿದಿರುತ್ತದೆ, ತಂಬೂರಿ ಪರಚತೊಡಗುತ್ತದೆ. ಮುಂದೆ ಮೇಳದ ಗಂಡಸರು ದನಿಯೆತ್ತುವಾಗ ಬಿಳಿ ಐದು. ಕೊನೆಗೆ ಮತ್ತೆ ಬಿಳಿ ಎರಡು. ಭಾವ ಎಲ್ಲಿ ಹೊರಳಿತೆಂದು ಇದಕ್ಕಿಂತ ಸಲೀಸಾಗಿ ತೋರಿಸುವ ಉಪಾಯ ನನಗೆ ಸಿಕ್ಕಿಲ್ಲ.

4. ಸುಲಭದ ಧಾಟಿಯಲ್ಲೇ ಹಳ್ಳ ಇರುತ್ತದೆ

ಕೊನೆಯ ಭಾಗದಲ್ಲಿ ಬರುವ, ಲೋಕವೆಲ್ಲ ಗುನುಗುವ ಆನಂದಗೀತೆಯ ಧಾಟಿ ಹೆಚ್ಚಾಗಿ ಸ-ರಿ-ಗ-ಮ-ಪ ಐದೇ ಸ್ವರಗಳಲ್ಲಿ ಓಡಾಡುತ್ತದೆ, ಒಮ್ಮೆ ಮಾತ್ರ ಮಂದ್ರ ಪಂಚಮಕ್ಕೆ ಇಳಿಯುತ್ತದೆ. ಅದಾದ ಕೂಡಲೇ ಕೊನೆಯ ಸಾಲು ಒಂದು ಪೆಟ್ಟು ಮುಂಚೆ ಎದ್ದುಬಿಡುತ್ತದೆ, ನಮ್ಮ ಅತೀತ ಎಡುಪಿನ ಹಾಗೆ. ತಾಳ ಹಾಕುತ್ತಿದ್ದವರ ಕೈ ಅಲ್ಲಿ ತಪ್ಪುತ್ತದೆ. ಧಾಟಿಗೆ ಜೀವ ಬರುವುದೂ ಅಲ್ಲೇ. ಆ ಪೆಟ್ಟನ್ನು ನಯ ಮಾಡಿ ಮುಚ್ಚಿದ ಮುದ್ರಿಕೆ ಎಷ್ಟೇ ವೇಗದ್ದಾದರೂ ಸಪ್ಪೆ. ಇನ್ನೊಂದು ಮಾತು: ಮುಂದೆ ಸೊಪ್ರಾನೊ ಹೆಂಗಸರು ಮೇಲಿನ ಪಂಚಮವನ್ನು ಬಹಳ ಹೊತ್ತು ಹಿಡಿದು ನಿಲ್ಲಬೇಕು. ಶ್ರುತಿ ಗೊತ್ತುಮಾಡುವಾಗ ಪಲ್ಲವಿಯನ್ನಲ್ಲ, ಹೀಗೆ ಹಿಡಿದು ನಿಲ್ಲಬೇಕಾದ ಸ್ವರವನ್ನು ನೋಡಿ.

5. ಕೆಟ್ಟ ಧ್ವನಿಯಲ್ಲೂ ಭಾವ ಉಳಿದಿರುತ್ತದೆ

ಇದನ್ನು ಕಲಿಸಿದ್ದು ಮೈಸೂರಿನ ನಂಟಿರುವ ಮುದ್ರಿಕೆ. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಹಣ ಕೊಟ್ಟು ಕಾದವರು, ಅದರ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ 'ನಾಲ್ಕು ಕೊನೆಯ ಹಾಡುಗಳು' ಮೊದಲ ಬಾರಿ ಕೇಳಿಸಿದಾಗ ಅವರು 4,800 ಡಾಲರ್ ಖಾತರಿ ಕೊಟ್ಟಿದ್ದರು, ತಮ್ಮ ಸಂಗ್ರಹಕ್ಕೆ ಅದರ ಮುದ್ರಿಕೆ ಬೇಕೆಂದು. ಉಳಿದಿರುವ ಮುದ್ರಿಕೆಯಲ್ಲಿ ತಟ್ಟೆಯ ಗರಗರ ವಿಪರೀತ. ಆದರೂ ಅಂದು ವಾದ್ಯವೃಂದ ನಡೆಸಿದ ಫುರ್ಟ್‌ವೆಂಗ್ಲರ್ ಎಲ್ಲಿ ತಡೆದರು, ಗಾಯಕಿ ಫ್ಲಾಗ್‌ಸ್ಟಾಡ್ ಎಲ್ಲಿ ದನಿ ಹರಡಿದರು ಎಂಬುದು ಸ್ಪಷ್ಟ. ಅದೇ ವಾದ್ಯವೃಂದದೊಂದಿಗೆ ಫುರ್ಟ್‌ವೆಂಗ್ಲರ್ 1954ರ ಆಗಸ್ಟ್ 22ರಂದು ಲುಸರ್ನ್‌ನಲ್ಲಿ ಒಂಬತ್ತನೇ ಸಿಂಫನಿ ನಡೆಸಿದರು. ನವೆಂಬರಿನಲ್ಲಿ ತೀರಿಕೊಂಡರು. ಆ ಮುದ್ರಿಕೆಯೂ ಸಿಗುತ್ತದೆ, ಹುಡುಕಿ ಕೇಳಿ.

6. ಗಡಿಯಾರಕ್ಕೆ ಹಾಡಬೇಕಾದಾಗ ಒಳಗೆ ಜಾಗ ಹುಡುಕಿ

2022ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಅವಧಿ ಕಟ್ಟಿಟ್ಟರೆ ಭಾವ ಸತ್ತಿತೆಂದು ಗೊಣಗುವವರಿಗೆ ನಾನು ನಾರಿಂಗ್ಟನ್ ಮುದ್ರಿಕೆ ಹಾಕುತ್ತೇನೆ. ಅಂಕಿಗೆ ಬದ್ಧರಾಗಿಯೂ ಅವರು ಸಾಲಿನ ಮೊದಲ ಅಕ್ಷರಕ್ಕೆ ಒತ್ತು, ಕೊನೆಯದಕ್ಕೆ ಬಿಡುವು ಕೊಡುತ್ತಾರೆ. ನಾವೂ ಹಾಗೇ: ಲಯ ಕೈಯಲ್ಲಿ ಗಟ್ಟಿಯಾಗಿರಲಿ, ಒತ್ತಕ್ಷರ ನುಂಗುವುದು ಬೇಡ, ಸಾಲಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಲಿ. ಎರಡೂವರೆ ನಿಮಿಷ ಧಾರಾಳ ಸಾಕು.