ರೌಟರಿನ ಡಿಸ್ಕು ಕಾಣದಾದಾಗ



ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮುಂಬಯಿಯಲ್ಲಿ ಎರಡು ಕೋಣೆಗಳ ಮನೆ. ತಂದೆ, ತಾಯಿ, ಅಣ್ಣ, ತಂಗಿ, ಹೀಗೆ ನಾಲ್ವರ ಸಂಸಾರ. ಮನೆಗೆ ಅಂತರ್ಜಾಲವನ್ನು ಹಂಚುವ ರೌಟರಿನ ಹಿಂಬದಿಯಲ್ಲಿ ಒಂದು ಯು.ಎಸ್.ಬಿ. ಪೋರ್ಟು ಇದೆ. ಅದಕ್ಕೆ ಒಂದು ಹಾರ್ಡ್ ಡಿಸ್ಕನ್ನು ಜೋಡಿಸಿದ್ದಾರೆ. ತಂದೆಯ ಲೆಕ್ಕಪತ್ರಗಳು, ಮಕ್ಕಳ ಪಾಠದ ಟಿಪ್ಪಣಿಗಳು, ಧಾರವಾಡದ ಅಜ್ಜಿ ಹಾಡಿದ ಬೀಸುವ ಪದಗಳ ಧ್ವನಿಮುದ್ರಣ, ಎಲ್ಲವೂ ಅದರಲ್ಲಿವೆ. ಅಜ್ಜಿ ಈಗ ಇಲ್ಲ. ಆ ಧ್ವನಿಯ ಇನ್ನೊಂದು ಪ್ರತಿಯೂ ಎಲ್ಲಿಯೂ ಇಲ್ಲ.

ಒಂದು ದಿನ ಆ ಮನೆಗೆ ಹೊಸ ಲ್ಯಾಪ್‌ಟಾಪ್ ಬರುತ್ತದೆ. ಅದರಲ್ಲಿ ಅಂತರ್ಜಾಲವು ಸರಾಗವಾಗಿ ನಡೆಯುತ್ತದೆ. ಡಿಸ್ಕು ಮಾತ್ರ ಕಾಣುವುದಿಲ್ಲ. ಅಣ್ಣನು ಬೇಸರದಿಂದ ಡಿಸ್ಕನ್ನು ರೌಟರಿನಿಂದ ಕಿತ್ತು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸುತ್ತಾನೆ. ಆಗ, ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ, ಎಂಬ ಪ್ರಶ್ನೆಯು ತೆರೆಯ ಮೇಲೆ ಮೂಡುತ್ತದೆ. ಅಣ್ಣನ ಬೆರಳು ಗುಂಡಿಯ ಮೇಲಿದೆ. "ಅಣ್ಣಾ, ತಡಿ" ಎಂದು ತಂಗಿ ಕೂಗುತ್ತಾಳೆ.

ಆ ಬೆರಳನ್ನು ಏಕೆ ತಡೆಯಬೇಕು, ತಡೆದ ಮೇಲೆ ದೋಷವನ್ನು ಯಾವ ಕ್ರಮದಿಂದ ಹುಡುಕಬೇಕು ಎಂಬುದೇ ಈ ಪಾಠದ ವಿಷಯ.

ಏರ್ಪಾಡಿನ ಸ್ವರೂಪ

ರೌಟರೆಂದರೆ ಅಂತರ್ಜಾಲವನ್ನು ಹಂಚುವ ಪೆಟ್ಟಿಗೆಯೆಂದಷ್ಟೇ ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅದೂ ಒಂದು ಚಿಕ್ಕ ಕಂಪ್ಯೂಟರು. ಅದರೊಳಗೆ ಪ್ರೊಸೆಸರು, ಮೆಮೊರಿ, ಬಹುಮಟ್ಟಿಗೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ, ಇವೆಲ್ಲವೂ ಇರುತ್ತವೆ. ಅದಕ್ಕೆ ಜೋಡಿಸಿದ ಡಿಸ್ಕನ್ನು ಓದುವುದೂ ಅದರಲ್ಲಿ ಬರೆಯುವುದೂ ರೌಟರಿನ ಕೆಲಸವೇ. ಲ್ಯಾಪ್‌ಟಾಪು ಆ ಡಿಸ್ಕನ್ನು ಮುಟ್ಟುವುದಿಲ್ಲ. ಇಂಥ ಕಡತ ಬೇಕೆಂದು ರೌಟರನ್ನು ಕೇಳುತ್ತದೆ, ರೌಟರು ತೆಗೆದು ಕೊಡುತ್ತದೆ.

ಕೆಲವು ಗ್ರಂಥಾಲಯಗಳಲ್ಲಿ ಓದುಗನು ತಾನೇ ಕಪಾಟಿಗೆ ಕೈಹಾಕುವಂತಿಲ್ಲ. ಚೀಟಿ ಬರೆದು ಗ್ರಂಥಪಾಲನಿಗೆ ಕೊಡಬೇಕು. ನಮ್ಮ ಏರ್ಪಾಡೂ ಅಂಥದೇ. ಅಲ್ಲಿ ಪುಸ್ತಕವು ಓದುಗನ ಕೈಸೇರಬೇಕಾದರೆ ಐದು ಅನುಕೂಲಗಳು ಬೇಕು. ಕಪಾಟಿನ ಕೋಣೆಯಲ್ಲಿ ಬೆಳಕಿರಬೇಕು. ಪುಸ್ತಕಗಳ ಲಿಪಿಯು ಗ್ರಂಥಪಾಲನಿಗೆ ತಿಳಿದಿರಬೇಕು. ಅವನ ಮೇಜಿನವರೆಗೆ ದಾರಿ ತೆರೆದಿರಬೇಕು. ಇಬ್ಬರಿಗೂ ಸಮಾನವಾದ ಒಂದು ಭಾಷೆ ಬರುತ್ತಿರಬೇಕು. ಓದುಗನ ಬಳಿ ಸದಸ್ಯತ್ವದ ಚೀಟಿ ಇರಬೇಕು. ಅಂತೆಯೇ ರೌಟರಿನ ಡಿಸ್ಕಿಗೂ ವಿದ್ಯುತ್ತು, ಲಿಪಿ, ದಾರಿ, ಭಾಷೆ, ಅಪ್ಪಣೆ ಎಂಬ ಐದು ಕೊಂಡಿಗಳುಂಟು. ಯಾವ ಒಂದು ಕೊಂಡಿ ಕಳಚಿದರೂ ನಮಗೆ ಕಾಣುವ ಫಲವು ಒಂದೇ: ಡಿಸ್ಕು ಸಿಗುವುದಿಲ್ಲ. ಆದುದರಿಂದ ಫಲವನ್ನು ನೋಡಿ ಕಾರಣವನ್ನು ಊಹಿಸಕೂಡದು. ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಮೂರು ನಿಯಮಗಳು

ಮೊದಲನೆಯದು: ಕಾರಣ ತಿಳಿಯುವ ಮೊದಲು ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು, ಫಾರ್ಮ್ಯಾಟನ್ನಂತೂ ಮಾಡಲೇಕೂಡದು. ಎರಡನೆಯದು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಕೇಬಲನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಬದಲಾಯಿಸಿದರೆ, ದೋಷ ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯದು. ಮೂರನೆಯದು: ಮಾಡಿದ್ದನ್ನೂ ಕಂಡದ್ದನ್ನೂ ಆಗಿಂದಾಗಲೇ ಕಾಗದದಲ್ಲಿ ಬರೆದಿಡತಕ್ಕದ್ದು. ಪ್ರಯೋಗಶಾಲೆಯಲ್ಲಿ ನೀವು ಅನುಸರಿಸುವ ನಿಯಮಗಳೇ ಇವು.

ದೋಷವು ಯಾವ ಕಡೆಯಲ್ಲಿದೆ?

ಐದು ಕೊಂಡಿಗಳನ್ನೂ ಬಿಚ್ಚಿ ನೋಡುವ ಮೊದಲು ಒಂದು ಸುಲಭವಾದ ಪರೀಕ್ಷೆಯುಂಟು. ಮನೆಯ ಬೇರೆ ಸಾಧನಗಳಿಂದ ಡಿಸ್ಕನ್ನು ತೆರೆದು ನೋಡಿರಿ. ಯಾವುದಕ್ಕೂ ಕಾಣದಿದ್ದರೆ ದೋಷವು ಡಿಸ್ಕಿನಲ್ಲಿಯೋ ರೌಟರಿನಲ್ಲಿಯೋ ಇರುವ ಸಂಭವ ಹೆಚ್ಚು. ಒಂದಕ್ಕೆ ಕಂಡು ಇನ್ನೊಂದಕ್ಕೆ ಕಾಣದಿದ್ದರೆ, ಕಾಣದ ಸಾಧನಕ್ಕೂ ರೌಟರಿಗೂ ನಡುವೆ ತೊಡಕಿದೆ. ನಮ್ಮ ಮನೆಯ ತಂಗಿಯು ಡಿಸ್ಕನ್ನು ಮರಳಿ ರೌಟರಿಗೆ ಜೋಡಿಸಿ ಇದನ್ನೇ ಮಾಡುತ್ತಾಳೆ. ತಾಯಿಯ ಫೋನಿನಲ್ಲಿ ಡಿಸ್ಕು ತೆರೆಯುತ್ತದೆ. ತಂದೆಯ ಹಳೆಯ ಕಂಪ್ಯೂಟರಿನಲ್ಲಿಯೂ ತೆರೆಯುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲ. ಇಷ್ಟರಿಂದಲೇ ಡಿಸ್ಕು ಆರೋಗ್ಯವಾಗಿದೆಯೆಂದು ತಿಳಿಯಿತು. ಇನ್ನು ಕೊಂಡಿಗಳನ್ನು ಕ್ರಮವಾಗಿ ವಿಚಾರಿಸೋಣ.

೧. ವಿದ್ಯುತ್ತು

ಯು.ಎಸ್.ಬಿ. ಪೋರ್ಟು ೫ ವೋಲ್ಟಿನ ವಿದ್ಯುತ್ತನ್ನು ಕೊಡುತ್ತದೆ. ೨೦೦೦ದಲ್ಲಿ ಬಂದ ಯು.ಎಸ್.ಬಿ. ೨.೦ರ ನಿಯಮದಂತೆ ಒಂದು ಸಾಧನವು ಪಡೆಯಬಹುದಾದ ಪ್ರವಾಹ ೫೦೦ ಮಿಲಿ ಆಂಪಿಯರ್, ೨೦೦೮ರ ಯು.ಎಸ್.ಬಿ. ೩.೦ರಲ್ಲಿ ೯೦೦ ಮಿಲಿ ಆಂಪಿಯರ್. ಪೆನ್ ಡ್ರೈವಿಗೆ ಇದು ಧಾರಾಳವಾಗಿ ಸಾಕು. ಹಾರ್ಡ್ ಡಿಸ್ಕಿನೊಳಗಾದರೋ ತಿರುಗುವ ತಟ್ಟೆಯಿದೆ. ನಿಂತ ತಟ್ಟೆಯು ತಿರುಗಲಾರಂಭಿಸುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಅದು ಸಾಲದಾದರೆ ಡಿಸ್ಕಿನ ದೀಪವು ಹತ್ತಿ ಆರುತ್ತದೆ, ಟಿಕ್ ಟಿಕ್ ಎಂಬ ಸದ್ದು ಕೇಳಿಬರುತ್ತದೆ. ಸ್ವಂತ ಅಡಾಪ್ಟರುಳ್ಳ ಯು.ಎಸ್.ಬಿ. ಹಬ್ಬನ್ನು ನಡುವೆ ಸೇರಿಸುವುದೇ ಇದಕ್ಕೆ ಪರಿಹಾರ. ಸವೆದ ಕೇಬಲೂ ಇಂಥ ತೊಂದರೆಯನ್ನೇ ಕೊಡುವುದರಿಂದ ಅದನ್ನೂ ಬದಲಾಯಿಸಿ ನೋಡಬೇಕು. ಸಾಕಷ್ಟು ವಿದ್ಯುತ್ತು ದೊರೆತ ಮೇಲೆಯೂ ಆ ಸದ್ದು ನಿಲ್ಲದಿದ್ದರೆ ಡಿಸ್ಕೇ ಕೆಡುತ್ತಿದೆಯೆಂದು ತಿಳಿದು, ಕೂಡಲೇ ಅದನ್ನು ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು.

೨. ಲಿಪಿ

ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿಗಳು ಹಲವು. ಫ್ಯಾಟ್-೩೨, ಎನ್.ಟಿ.ಎಫ್.ಎಸ್., ಎಕ್ಸ್‌ಫ್ಯಾಟ್, ಲಿನಕ್ಸಿನ ಇಎಕ್ಸ್‌ಟಿ-೪ ಎಂಬಿವು ಮುಖ್ಯವಾದವು. ಇವನ್ನು ಬೇರೆ ಬೇರೆ ಲಿಪಿಗಳಿಗೆ ಹೋಲಿಸಬಹುದು. ಕನ್ನಡ ಬಾರದವನಿಗೆ ಕನ್ನಡದ ಪುಸ್ತಕವು ಬರಿಯ ಗೆರೆಗಳಂತೆ ಕಾಣುತ್ತದೆ. ಅಷ್ಟರಿಂದ ಪುಸ್ತಕವು ಖಾಲಿಯಾಗಿದೆ ಎಂದಾಗುವುದಿಲ್ಲ.

ಅಣ್ಣನಿಗೆ ಕಂಡ ಪ್ರಶ್ನೆಯ ಗುಟ್ಟು ಇಲ್ಲಿದೆ. ಆ ಮನೆಯ ಡಿಸ್ಕು ಇಎಕ್ಸ್‌ಟಿ-೪ ಪದ್ಧತಿಯದು. ರೌಟರು ಅದನ್ನು ಬಲ್ಲದು. ಜಾಲದ ಮೂಲಕ ಕೇಳುವ ಕಂಪ್ಯೂಟರಿಗೆ ಆ ಲಿಪಿ ತಿಳಿಯಬೇಕಾದ ಅವಶ್ಯಕತೆಯೇ ಇಲ್ಲ, ಏಕೆಂದರೆ ಓದಿ ಹೇಳುವುದು ರೌಟರು. ಅದೇ ಡಿಸ್ಕನ್ನು ನೇರವಾಗಿ ಜೋಡಿಸಿದಾಗ, ಆ ಲಿಪಿಯನ್ನರಿಯದ ವಿಂಡೋಸ್, ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಒಪ್ಪಿದ್ದರೆ ಇದ್ದ ಕಡತಗಳ ಪಟ್ಟಿಯು ಅಳಿದು, ಅಜ್ಜಿಯ ಹಾಡು ಕೈತಪ್ಪುತ್ತಿತ್ತು. ಯಂತ್ರವು ಸುಳ್ಳು ಹೇಳಲಿಲ್ಲ. ತನಗೆ ತಿಳಿದಷ್ಟನ್ನು ಹೇಳಿತು. ವಿವೇಚನೆಯು ನಮ್ಮದಾಗಿರಬೇಕು.

ಲಿಪಿಯ ಸಂಬಂಧವಾಗಿ ಇನ್ನೆರಡು ಮಾತುಗಳು. ಫ್ಯಾಟ್-೩೨ ಪದ್ಧತಿಯಲ್ಲಿ ಒಂದು ಕಡತವು ೪ ಗಿಗಾಬೈಟನ್ನು ಮುಟ್ಟಕೂಡದು. ದೊಡ್ಡ ಚಲನಚಿತ್ರವೊಂದು ಅರ್ಧಕ್ಕೆ ನಿಂತರೆ ಇದು ಕಾರಣವಾಗಿರಬಹುದು. ಹಳೆಯ ರೌಟರುಗಳಲ್ಲಿ ಹಲವಕ್ಕೆ ಎಕ್ಸ್‌ಫ್ಯಾಟ್ ತಿಳಿಯದು. ಅದರ ವಿವರಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಬಹಿರಂಗಪಡಿಸಿದ್ದು ೨೦೧೯ರಲ್ಲಿ.

ಡಿಸ್ಕನ್ನು ಹೇಳದೆ ಕೇಳದೆ ಕೀಳುವುದೂ ತಪ್ಪು. ಬರೆಯಬೇಕಾದುದರಲ್ಲಿ ಸ್ವಲ್ಪ ಭಾಗವನ್ನು ರೌಟರು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಆಗ ಕಿತ್ತರೆ ಕಡತಗಳ ಪಟ್ಟಿಯು ಅಪೂರ್ಣವಾಗಿ ಉಳಿದು, ಮುಂದೆ ರೌಟರು ಆ ಡಿಸ್ಕನ್ನು ಸ್ವೀಕರಿಸದಿರಬಹುದು, ಇಲ್ಲವೆ ಓದಲು ಮಾತ್ರ ಬಿಡಬಹುದು. ರೌಟರಿನ ಪುಟದಲ್ಲಿ ಡಿಸ್ಕನ್ನು ಸುರಕ್ಷಿತವಾಗಿ ತೆಗೆಯುವ ಆಜ್ಞೆಯನ್ನು ಕೊಟ್ಟು ಅನಂತರವೇ ಕಳಚತಕ್ಕದ್ದು.

೩. ದಾರಿ

ಮನೆಯ ಜಾಲದಲ್ಲಿ ರೌಟರಿಗೆ ಒಂದು ಸಂಖ್ಯಾವಿಳಾಸವಿರುತ್ತದೆ. ಸಾಮಾನ್ಯವಾಗಿ ಅದು ೧೯೨.೧೬೮.೦.೧ ಅಥವಾ ೧೯೨.೧೬೮.೧.೧. ದಾರಿ ತೆರೆದಿದೆಯೇ ಎಂದು ನೋಡಲು ಪಿಂಗ್ ಎಂಬ ಆಜ್ಞೆಯುಂಟು. ಅಮೆರಿಕದ ಮೈಕ್ ಮೂಸ್ ಎಂಬವರು ೧೯೮೩ರ ಡಿಸೆಂಬರಿನಲ್ಲಿ ಇದನ್ನು ರಚಿಸಿದರು. ಜಲಾಂತರ್ಗಾಮಿಗಳು ಶಬ್ದವನ್ನು ಕಳಿಸಿ ಪ್ರತಿಧ್ವನಿಯಿಂದ ವಸ್ತುವಿನ ಇರವನ್ನು ತಿಳಿಯುವ ಕ್ರಮವನ್ನು ನೆನೆದು ಆ ಹೆಸರನ್ನಿಟ್ಟರು. ವಿಂಡೋಸಿನಲ್ಲಿ ಪಿಂಗ್ ಎಂದು ಬರೆದು ವಿಳಾಸವನ್ನು ಸೇರಿಸಿದರೆ ನಾಲ್ಕು ಸಲ ಕೂಗು ಹೋಗುತ್ತದೆ. ನಾಲ್ಕಕ್ಕೂ ಮಾರುತ್ತರ ಬಂದರೆ ದಾರಿ ಸರಿಯಾಗಿದೆ.

ಉತ್ತರ ಬಾರದಿದ್ದರೆ, ಲ್ಯಾಪ್‌ಟಾಪು ಅತಿಥಿಗಳಿಗೆಂದು ಇಟ್ಟ ವೈ-ಫೈಗೆ ಸೇರಿದೆಯೇ ಎಂದು ನೋಡಿರಿ. ಅದರಲ್ಲಿ ಅಂತರ್ಜಾಲವು ಸಿಕ್ಕರೂ ಮನೆಯೊಳಗಿನ ಜಾಲಕ್ಕೆ ಪ್ರವೇಶವಿರುವುದಿಲ್ಲ. ಉತ್ತರ ಬಂದೂ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ, ವಿಳಾಸದ ಪಟ್ಟಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆಯನ್ನು ಎರಡು ಸಲ ಒತ್ತಿ ರೌಟರಿನ ಸಂಖ್ಯೆಯನ್ನು ಬರೆಯಿರಿ. ಹೆಸರು ಕಾಣದ ಡಿಸ್ಕೂ ಎಷ್ಟೋ ಸಲ ಹೀಗೆ ತೆರೆಯುತ್ತದೆ.

ಇನ್ನೊಂದು ವಿಚಿತ್ರವಾದ ತೊಡಕುಂಟು. ಯು.ಎಸ್.ಬಿ. ೩.೦ರ ಡಿಸ್ಕು ಕೆಲಸ ಮಾಡುವಾಗ ಹೊರಸೂಸುವ ರೇಡಿಯೋ ಗದ್ದಲವು ೨.೪ ಗಿಗಾಹರ್ಟ್ಸ್ ವೈ-ಫೈಯನ್ನು ಕೆಡಿಸಬಲ್ಲುದೆಂದು ಇಂಟೆಲ್ ಸಂಸ್ಥೆಯು ೨೦೧೨ರಲ್ಲಿ ಪ್ರಕಟಿಸಿತು. ಡಿಸ್ಕು ಜೋಡಿಸಿದ ಮೇಲೆಯೇ ವೈ-ಫೈ ಕುಂಟತೊಡಗಿದರೆ, ಡಿಸ್ಕನ್ನು ಆಂಟೆನಾದಿಂದ ದೂರವಿಡಿ. ಇಲ್ಲವೆ ೫ ಗಿಗಾಹರ್ಟ್ಸ್ ವೈ-ಫೈಯನ್ನು ಬಳಸಿರಿ.

೪. ಭಾಷೆ

ಕಡತವನ್ನು ಕೇಳುವ ಮತ್ತು ಕೊಡುವ ಸಂಭಾಷಣೆಗೆ ಎಸ್.ಎಂ.ಬಿ. ಎಂಬ ಗೊತ್ತಾದ ಭಾಷೆಯಿದೆ. ೧೯೮೦ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಇದು ಹುಟ್ಟಿತು. ಬಹಳಷ್ಟು ರೌಟರುಗಳು ಈ ಭಾಷೆಯನ್ನಾಡುವುದು ಸಾಂಬಾ ಎಂಬ ತಂತ್ರಾಂಶದ ನೆರವಿನಿಂದ. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಅದನ್ನು ಆರಂಭಿಸಿದರು; ಎಸ್, ಎಂ, ಬಿ ಎಂಬ ಮೂರು ಅಕ್ಷರಗಳುಳ್ಳ ಪದಗಳನ್ನು ಪದಗಳ ಪಟ್ಟಿಯಲ್ಲಿ ಹುಡುಕಿ ಆ ಹೆಸರನ್ನು ಆರಿಸಿದರು.

ಈ ಭಾಷೆಯ ಎರಡನೆಯ ಆವೃತ್ತಿ ೨೦೦೬ರಲ್ಲಿಯೂ ಮೂರನೆಯದು ೨೦೧೨ರಲ್ಲಿಯೂ ಬಂದವು. ಆದರೂ ಅನೇಕ ರೌಟರುಗಳು ಮೊದಲನೆಯ ಆವೃತ್ತಿಯಲ್ಲಿಯೇ ನಿಂತುವು. ೨೦೧೭ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಈ ಮೊದಲನೆಯ ಆವೃತ್ತಿಯ ದೋಷವನ್ನು ಹಿಡಿದು ಲೋಕದಲ್ಲೆಲ್ಲ ಹರಡಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸಕಾರ್ಯಗಳು ಕೆಟ್ಟುವು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ ೧೦ರಲ್ಲಿ ಮೊದಲನೆಯ ಆವೃತ್ತಿಯನ್ನು ಮೈಕ್ರೋಸಾಫ್ಟ್ ಕ್ರಮೇಣ ಕೈಬಿಡತೊಡಗಿತು.

ನಮ್ಮ ಮನೆಯ ತೊಡಕು ಇದೇ. ಹಳೆಯ ಕಂಪ್ಯೂಟರಿಗೂ ಫೋನಿನ ತಂತ್ರಾಂಶಕ್ಕೂ ಹಳೆಯ ಮಾತು ಬರುತ್ತಿತ್ತು. ಹೊಸ ಲ್ಯಾಪ್‌ಟಾಪಿಗೆ ಬಾರದು. ಲ್ಯಾಪ್‌ಟಾಪಿಗೆ ಹಳೆಯ ಭಾಷೆಯನ್ನು ಮತ್ತೆ ಕಲಿಸುವ ಉಪಾಯವೊಂದುಂಟು. ಆದರೆ ಅದು ಮುಚ್ಚಿದ ಕಳ್ಳಕಿಂಡಿಯನ್ನು ತೆರೆದಂತೆ. ರೌಟರಿನ ಫರ್ಮ್‌ವೇರನ್ನು ನವೀಕರಿಸಿ ಅದಕ್ಕೆ ಹೊಸ ಭಾಷೆಯನ್ನು ಕಲಿಸುವುದೇ ಯೋಗ್ಯವಾದ ಮಾರ್ಗ. ನವೀಕರಣವು ದೊರೆಯದಿದ್ದರೆ, ಕಡತಗಳನ್ನು ಹಳೆಯ ಕಂಪ್ಯೂಟರಿನ ಮೂಲಕ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು ರೌಟರಿನ ಏರ್ಪಾಡನ್ನು ಕೈಬಿಡುವುದು ಮೇಲು.

೫. ಅಪ್ಪಣೆ

ಅನೇಕರು ಮನೆಯ ಡಿಸ್ಕಿಗೆ ಪಾಸ್‌ವರ್ಡ್ ಏಕೆಂದು ಬಿಟ್ಟಿರುತ್ತಾರೆ. ೨೦೨೪ರಲ್ಲಿ ಬಂದ ವಿಂಡೋಸ್ ೧೧ರ ಆವೃತ್ತಿಯು ಪ್ರತಿಯೊಂದು ಸಂದೇಶಕ್ಕೂ ರುಜುವಿರಬೇಕೆಂದು ಕೇಳುತ್ತದೆ. ಹೆಸರು ಹೇಳದ ಅತಿಥಿಗೆ ರುಜು ಹಾಕಲು ಬಾರದಾದ್ದರಿಂದ ಬಾಗಿಲು ತೆರೆಯುವುದಿಲ್ಲ. ರೌಟರಿನಲ್ಲಿ ಹೆಸರು, ಪಾಸ್‌ವರ್ಡುಗಳನ್ನು ಗೊತ್ತುಮಾಡಿ ಅವುಗಳಿಂದಲೇ ಪ್ರವೇಶಿಸತಕ್ಕದ್ದು. ಮನೆಯ ಹೊರಗಿನಿಂದಲೂ ಡಿಸ್ಕನ್ನು ತೆರೆಯುವ ಸೌಲಭ್ಯವು ಬೇಡವಾದರೆ ಅದನ್ನು ಮುಚ್ಚಿಬಿಡಿ. ೨೦೧೪ರ ಫೆಬ್ರವರಿಯಲ್ಲಿ ಏಸಸ್ ಸಂಸ್ಥೆಯ ರೌಟರುಗಳ ದೋಷದಿಂದ ೧೨,೯೦೦ಕ್ಕೂ ಹೆಚ್ಚು ಬಳಕೆದಾರರ ಡಿಸ್ಕುಗಳೊಳಗೆ ಅನ್ಯರು ನುಗ್ಗಿದರು. ಅಮೆರಿಕದ ಸರ್ಕಾರದ ವಾಣಿಜ್ಯ ಆಯೋಗವು ವಿಚಾರಣೆ ನಡೆಸಿ, ೨೦ ವರ್ಷಗಳ ಕಾಲ ಸ್ವತಂತ್ರ ತಪಾಸಣೆಗೆ ಒಳಪಡಬೇಕೆಂಬ ಒಪ್ಪಂದಕ್ಕೆ ಆ ಸಂಸ್ಥೆಯನ್ನು ೨೦೧೬ರಲ್ಲಿ ಒಳಪಡಿಸಿತು.

ಉಪಸಂಹಾರ

ಆ ಮನೆಯಲ್ಲಿ ಫರ್ಮ್‌ವೇರ್ ನವೀಕರಣವಾಯಿತು. ಹೆಸರು, ಪಾಸ್‌ವರ್ಡುಗಳು ನಿಶ್ಚಯವಾದುವು. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕು ತೆರೆಯಿತು. ತಂಗಿಯು ಮೊದಲು ಮಾಡಿದ ಕೆಲಸವೆಂದರೆ ಅಜ್ಜಿಯ ಹಾಡುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಧಾರವಾಡದ ಸೋದರಮಾವನ ಮನೆಯಲ್ಲಿಡಲು ಕೊಟ್ಟದ್ದು. ಎಷ್ಟು ಜಾಣತನದಿಂದ ದೋಷವನ್ನು ಹುಡುಕಿದರೂ ಡಿಸ್ಕು ಒಂದಲ್ಲ ಒಂದು ದಿನ ಕೆಡತಕ್ಕದ್ದೇ. ಒಂದೇ ಪ್ರತಿಯಿರುವ ವಸ್ತುವು ಅರ್ಧ ಕಳೆದುಹೋದಂತೆಯೇ ಸರಿ. ನಿಮ್ಮ ಮನೆಯಲ್ಲಿ ಇಂಥ ಒಂದೇ ಪ್ರತಿ ಯಾವುದಿದೆಯೆಂದು ಈ ದಿನವೇ ನೋಡಿರಿ.

ಅಭ್ಯಾಸ

೧. ಮನೆಯ ಯಾವ ಸಾಧನಕ್ಕೂ ಡಿಸ್ಕು ಕಾಣದು. ಅದರ ದೀಪವು ಹತ್ತಿ ಹತ್ತಿ ಆರುತ್ತಿದೆ. ಯಾವ ಕೊಂಡಿಯನ್ನು ಮೊದಲು ಶಂಕಿಸುವಿರಿ?

೨. ಡಿಸ್ಕಿನಲ್ಲಿ ೧೦೦ ಗಿಗಾಬೈಟ್ ಸ್ಥಳವಿದ್ದರೂ ೫ ಗಿಗಾಬೈಟಿನ ಒಂದು ಕಡತವು ಅದರಲ್ಲಿ ಹಿಡಿಯಲಿಲ್ಲ. ಕಾರಣವೇನಿರಬಹುದು?

೩. ಪಿಂಗ್‌ಗೆ ನಾಲ್ಕು ಉತ್ತರಗಳು ಬಂದುವು, ಫೋನಿನಲ್ಲಿ ಡಿಸ್ಕು ತೆರೆಯಿತು, ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ. ಐದರಲ್ಲಿ ಯಾವ ಮೂರು ಕೊಂಡಿಗಳು ಸರಿಯಾಗಿವೆಯೆಂದು ಹೇಳಬಲ್ಲಿರಿ?