ಆರಿಫೈಸ್ ಪ್ಲೇಟ್ ಅಳತೆ: ಆಧಾರ ಗ್ರಂಥದ ಆವೃತ್ತಿಯನ್ನೂ ನೋಡಬೇಕು

ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಡಿ 2,000 ಜನಸಂಖ್ಯೆಯ ಗ್ರಾಮಕ್ಕೆ ತಲಾ 55 ಲೀಟರಿನಂತೆ ದಿನಕ್ಕೆ 1,10,000 ಲೀಟರ್ ನೀರು ಬರಬೇಕು. ಮಾಪಕವು ಅಷ್ಟನ್ನೇ ತೋರಿಸಿ, ವಾಸ್ತವದಲ್ಲಿ ಶೇ. 10ರಷ್ಟು ಕಡಿಮೆ ಬಂದಿದ್ದರೆ 200 ಜನರ ಪಾಲು ಕಡತದಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಮಾಪಕದ ಲೆಕ್ಕವು ಯಾವ ಆಧಾರದ ಮೇಲೆ ನಿಂತಿದೆಯೆಂದು ಸದಸ್ಯರು ಕೇಳುವುದು ಅವಶ್ಯ.

ದೊಡ್ಡ ಕೊಳವೆ ಮಾರ್ಗಗಳಲ್ಲಿ ಬಳಸುವ ಮಾಪನ ಸಾಧನಗಳಲ್ಲಿ ಆರಿಫೈಸ್ ಪ್ಲೇಟ್ ಒಂದು. ಇದು ನಡುವೆ ರಂಧ್ರವಿರುವ ತೆಳು ಲೋಹದ ಫಲಕ. ನೀರು ರಂಧ್ರದ ಮೂಲಕ ಹಾಯುವಾಗ ಫಲಕದ ಎರಡು ಬದಿಗಳ ನಡುವೆ ಉಂಟಾಗುವ ಒತ್ತಡದ ವ್ಯತ್ಯಾಸದಿಂದ ಹರಿವನ್ನು ಲೆಕ್ಕ ಹಾಕಲಾಗುತ್ತದೆ. ಹರಿವು ಅರ್ಧವಾದರೆ ಈ ವ್ಯತ್ಯಾಸವು ಕಾಲುಭಾಗಕ್ಕೆ ಇಳಿಯುತ್ತದೆ.

ಸೂತ್ರವು ಸಾಮಾನ್ಯ ಪಠ್ಯಪುಸ್ತಕಗಳಲ್ಲಿಯೂ ದೊರೆಯುತ್ತದೆ. ತೊಡಕಿರುವುದು ಅಳವಡಿಕೆಯ ನಿಯಮಗಳಲ್ಲಿ. ಇವುಗಳಿಗೆ ಮೂಲ ಆಧಾರ ಐಎಸ್‌ಒ 5167 ಮಾನಕ. ಇದರಲ್ಲಿ ಸಂಖ್ಯೆಯಷ್ಟೇ ಆವೃತ್ತಿಯ ವರ್ಷವೂ ಮುಖ್ಯ. ರಂಧ್ರದ ವ್ಯಾಸವು ಕೊಳವೆಯ ವ್ಯಾಸದ 0.6ರಷ್ಟಿರುವಾಗ, ಒಂದು 90 ಡಿಗ್ರಿ ಬೆಂಡಿನ ನಂತರ ಫಲಕದವರೆಗೆ ಕೊಳವೆಯ ವ್ಯಾಸದ 18 ಪಟ್ಟು ನೇರ ಉದ್ದ ಸಾಕೆಂದು 1991ರ ಆವೃತ್ತಿ ಹೇಳಿತ್ತು. ಹೆಚ್ಚುವರಿ ದೋಷಾವಕಾಶ ಸೇರಿಸದೆ ಅಳೆಯಲು 42 ಪಟ್ಟು ಬೇಕೆಂದು 2003ರ ಆವೃತ್ತಿ ವಿಧಿಸಿತು. 100 ಮಿ.ಮೀ. ಕೊಳವೆಗೆ 1.8 ಮೀಟರ್ ಇದ್ದದ್ದು 4.2 ಮೀಟರ್ ಆಯಿತು! ಹಳೆಯ ಪುಸ್ತಕದ ಕೋಷ್ಟಕವನ್ನು ಹಾಗೆಯೇ ಇಳಿಸಿಕೊಂಡ ನಕ್ಷೆಯಲ್ಲಿ ಇಂದಿಗೂ ಮೊದಲಿನ ಅಂಕಿಯೇ ಇರಬಹುದು. ಫಲಕಗಳಿಗೆ ಸಂಬಂಧಿಸಿದ ಎರಡನೆಯ ಭಾಗವು 2022ರಲ್ಲಿ ಮತ್ತೆ ಪರಿಷ್ಕೃತವಾಗಿದೆ.

50 ಮಿ.ಮೀ.ಗಿಂತ ಕಿರಿದಾದ ಕೊಳವೆಗಳಿಗೆ ಈ ಮಾನಕ ಅನ್ವಯಿಸುವುದಿಲ್ಲ. ಮನೆ ನಲ್ಲಿಯ ಸಂಪರ್ಕಕ್ಕೆ ಇದನ್ನು ಆಧಾರವಾಗಿ ತೋರಿಸಿದರೆ ಒಪ್ಪಬೇಕಾಗಿಲ್ಲ. ತಯಾರಕರ ಕೈಪಿಡಿಯು ಉಪಕರಣದ ಬಳಕೆಗೆ ಉಪಯುಕ್ತವಾದರೂ ಮಾನಕಕ್ಕೆ ಬದಲಿಯಾಗಲಾರದು.

ರಂಧ್ರದ ಚೂಪಾದ ಅಂಚು ನೀರು ಬರುವ ದಿಕ್ಕಿಗೆ ಇರಬೇಕು. ಅಂಚು ಸವೆದರೆ, ಅಥವಾ ಇಳಿಜಾರು ಅಂಚಿನ ಫಲಕವನ್ನು ತಿರುವುಮುರುವಾಗಿ ಕೂರಿಸಿದರೆ, ಮಾಪಕವು ವಾಸ್ತವಕ್ಕಿಂತ ಕಡಿಮೆ ಹರಿವನ್ನು ತೋರಿಸುತ್ತದೆ. ಬೆಂಡ್ ತೀರ ಹತ್ತಿರವಿದ್ದರೆ ಅಳತೆ ಯಾವ ಕಡೆಗೆ ತಪ್ಪುವುದೆಂದು ನೋಡಿದ ಮಾತ್ರಕ್ಕೆ ಹೇಳಲಾಗದು.

ಜಂಟಿ ಪರಿಶೀಲನೆಯ ವೇಳೆ ಲೆಕ್ಕಕ್ಕೆ ಬಳಸಿದ ಮಾನಕ, ಅದರ ವರ್ಷ, ವ್ಯಾಸಗಳ ಅನುಪಾತ ಮತ್ತು ಫಲಕವನ್ನು ಕೊನೆಯದಾಗಿ ತೆಗೆದು ನೋಡಿದ ದಿನಾಂಕವನ್ನು ಇಂಜಿನಿಯರರಿಂದ ಲಿಖಿತವಾಗಿ ಪಡೆಯತಕ್ಕದ್ದು. ಬೆಂಡಿನಿಂದ ಫಲಕದವರೆಗಿನ ನೇರ ಉದ್ದವನ್ನು ಸದಸ್ಯರೇ ಟೇಪು ಹಿಡಿದು ಅಳೆಯಬಹುದು.